ಅಜ್ಜಿ ಬಿಷಪ್ಪರನ್ನು ಗದರಿಸಿದ ದಿನ

೧೯೫೮ನೇ ಇಸವಿ, ಮಾವಿನಹಣ್ಣಿನ ಕಾಲ. ನನಗೆ ಹದಿನಾಲ್ಕು ವರ್ಷ. ಅಪ್ಪ ಉರಿಗಾಂನಲ್ಲಿ ಚಿನ್ನದ ಗಣಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದರು. ಗಣಿ ಕೆಲಸದವರ ಲೈನ್ ಮನೆಗಳಲ್ಲಿ ನಮ್ಮದೂ ಒಂದು. ಅಪ್ಪನ ಹತ್ತಿರ ತಮಿಳು, ಅಮ್ಮನ ಹತ್ತಿರ ಕನ್ನಡ, ಬೀದಿಗೆ ಬಂದರೆ ತೆಲುಗು. ಮೂರರಲ್ಲೂ ನಾನು ದೊಡ್ಡ ಬಾಯಾಳಿ. ಅಂಥ ನನ್ನ ಬಾಯನ್ನು ನಮ್ಮ ಚರ್ಚಿನ ಫಾದರ್ ಒಂದೇ ಒಂದು ಪ್ರಶ್ನೆ ಕೇಳಿ ಮುಚ್ಚಿಸಿಬಿಟ್ಟರು.

ಆ ವರ್ಷ ನಮ್ಮ ಚರ್ಚಿಗೆ ಬಿಷಪ್ ಬರುತ್ತಾರೆಂದು ಸುದ್ದಿ ಬಂತು. ಅಬ್ಬಬ್ಬಾ, ಏನು ಸಡಗರ! ಬಿಷಪ್ ಬರುವುದೇ ಅಪರೂಪ, ಅವರು ಬಂದಾಗಲೇ ಮಕ್ಕಳಿಗೆ ದೃಢೀಕರಣ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೈಗೂಸಾಗಿದ್ದಾಗ ತಂದೆತಾಯಿ ಎತ್ತಿಕೊಂಡು ಹೋಗಿ ನಮಗೆ ಜ್ಞಾನಸ್ನಾನ ಮಾಡಿಸುತ್ತಾರೆ. ಬುದ್ಧಿ ಬಂದ ಮೇಲೆ ನಾವೇ ಬಿಷಪ್ಪರ ಮುಂದೆ ನಿಂತು ಆ ನಂಬಿಕೆಯನ್ನು ಗಟ್ಟಿ ಮಾಡಿಕೊಳ್ಳುವುದೇ ದೃಢೀಕರಣ. ನಮ್ಮ ಸಾಲಿನ ಹುಡುಗಿಯರೆಲ್ಲ ಆಗಲೇ ರಾಬರ್ಟ್‌ಸನ್‌ಪೇಟೆಯಲ್ಲಿ ಬಿಳಿ ಬಟ್ಟೆ ನೋಡಿ ಬಂದಿದ್ದರು. ನಾನೂ ಕುಣಿಯುತ್ತಾ ಹೆಸರು ಕೊಡಲು ಹೋದೆ.

"ಯಾಕಮ್ಮಾ ತಗೋಬೇಕು ನೀನು?" ಎಂದು ಕೇಳಿದರು ಫಾದರ್.

"ಎಲ್ಲರೂ ತಗೋತಿದ್ದಾರಲ್ಲ, ಫಾದರ್."

"ಎಲ್ಲರ ವಿಷಯ ಎಲ್ಲರಿಗೆ. ನಿನ್ನದು ಹೇಳು. ಅವಸರವೇನಿಲ್ಲ, ರಜ ಮುಗಿಸಿಕೊಂಡು ಬಂದು ಹೇಳು. ಬೇಡ ಅನ್ನಿಸಿದರೂ ಬಂದು ಹೇಳು, ಬೈಯೋದಿಲ್ಲ."

ನನಗೆ ಸಿಟ್ಟೇ ಬಂತು. ಬೇರೆ ಯಾರನ್ನೂ ಕೇಳದ್ದನ್ನು ನನ್ನನ್ನೇ ಯಾಕೆ ಕೇಳಬೇಕು? ಕಾರಣ ಆಮೇಲೆ ಗೊತ್ತಾಯಿತು. ನಮ್ಮಮ್ಮ ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿಯ ಒಕ್ಕಲುಮನೆಯಲ್ಲಿ. ಅಪ್ಪನನ್ನು ಮೆಚ್ಚಿ ಚರ್ಚಿನಲ್ಲಿ ಮದುವೆಯಾದವಳು. ಅವತ್ತಿನಿಂದ ಅವಳಿಗೆ ತವರಿನ ಬಾಗಿಲು ಮುಚ್ಚಿತ್ತು. ನನಗೆ ಮಾತ್ರ ತೆರೆದಿತ್ತು. ಪ್ರತಿ ರಜಕ್ಕೂ ಅಪ್ಪ ನನ್ನನ್ನು ಉರಿಗಾಂನಲ್ಲಿ ರೈಲು ಹತ್ತಿಸುತ್ತಿದ್ದರು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅಜ್ಜಿ ಕಾದಿರುತ್ತಿದ್ದಳು. ನನ್ನ ಹೆಸರು ಫಿಲೋಮಿನಾ. ಅಜ್ಜಿಯ ನಾಲಿಗೆಯಲ್ಲಿ ಅದು ಪಿಲ್ಲಮ್ಮ. ಹಸು, ಕರು, ಹುಣಿಸೆ ಮರ, ಅಜ್ಜಿಯ ಹುರುಳಿಕಾಳು ಬಸ್ಸಾರು... ಆ ಮನೆ ಅಂದರೆ ನನಗೆ ಪ್ರಾಣ.

ಆ ರಜದಲ್ಲಿ ಹೋದವಳು ಊಟಕ್ಕೆ ಕೂತಾಗ ಬಿಷಪ್ಪರ ಸುದ್ದಿಯನ್ನೆಲ್ಲ ಒದರಿಬಿಟ್ಟೆ. ಅಮ್ಮನ ತಮ್ಮ, ನನ್ನ ಸೋದರಮಾವ, ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನೋಡು ಪಿಲ್ಲಮ್ಮ, ನಿನ್ ತಲೆ ಮೇಲೆ ನೀರ್ ಉಯ್ದಾಗ ನೀನು ಕೈಗೂಸು. ನಿಂಗೇನ್ ಗೊತ್ತಿತ್ತು? ಅದುಕ್ಕೇ ಈ ಮನೇಗೆ ಬಿಟ್ಕೊಂಡಿದ್ದೀವಿ. ಈಗ ನೀನಾಗೇ ಓಗಿ ನಿಂತ್ಕೊಂಡ್ರೆ ಅದು ನೀನೇ ಮಾಡಿದ್ದಾಯ್ತದೆ. ಆಮೇಲೆ ಈ ಒಸ್ಲು ತುಳೀಬೇಡ. ನಂಗೂ ಎರಡು ಎಣ್ಮಕ್ಕಳವ್ರೆ, ನಾಳೆ ಗಂಡು ಬರಬೇಡ್ವಾ?"

ಮಾವ ಕೆಟ್ಟವನಲ್ಲ. ಜಾತ್ರೆಯಿಂದ ನನಗೂ ಬಳೆ ತರುತ್ತಿದ್ದವನು. ಅದಕ್ಕೇ ಆ ಮಾತು ಜಾಸ್ತಿ ಚುಚ್ಚಿತು. ನಾನು ಅಜ್ಜಿಯ ಮುಖ ನೋಡಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಊರಿಗೆ ವಾಪಸ್ಸು ಬಂದು ಅಮ್ಮನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಂಗೆ ತವರು ತಪ್ಪಿದ್ದೇ ಸಾಕು. ನಿಂಗೂ ತಪ್ಪೋದು ಬೇಡ ಕಣೇ. ಈ ಸಲ ಬಿಟ್ಟುಬಿಡು" ಅಂದಳು. ಅಪ್ಪನನ್ನು ಕೇಳಿದರೆ "ನಿನ್ನಿಷ್ಟ ಮಗಳೇ" ಅಂದರು, ಅಷ್ಟೇ. ತನ್ನಿಂದಲೇ ಹೆಂಡತಿಗೆ ತವರು ಹೋಯಿತೆಂಬ ಸಂಕಟ ಅವರಿಗಿತ್ತು. ನನಗೋ ತಲೆ ಕೆಟ್ಟುಹೋಯಿತು. ಬಿಳಿ ಫ್ರಾಕಿಗೋಸ್ಕರ ಅಜ್ಜಿಯನ್ನು ಕಳಕೊಳ್ಳಲಾ? ಬೇಡವೇ ಬೇಡ ಎಂದು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನ ಒಂದು ಮಧ್ಯಾಹ್ನದವರೆಗೆ ಇತ್ತು. ಅವತ್ತು ನಾನೂ ಅಮ್ಮನೂ ಅಕ್ಕಿ ಆರಿಸುತ್ತಾ ಕೂತಿದ್ದೆವು. ಇದ್ದಕ್ಕಿದ್ದಂತೆ ನೆಲ ಗಡಗಡ ನಡುಗಿತು, ಗೂಡಿನಲ್ಲಿದ್ದ ಪಾತ್ರೆಗಳು ದಡದಡ ಬಿದ್ದವು. ಗಣಿಯೊಳಗೆ ಬಂಡೆ ಸಿಡಿದಿತ್ತು. ನಮ್ಮ ಕಡೆ ಅದು ಆಗಾಗ ಆಗುವುದೇ, ಆದರೆ ಅಪ್ಪ ಆಗ ಕೆಳಗಿದ್ದರು. ಅಮ್ಮ ಬರಿಗಾಲಿನಲ್ಲಿ ಗಣಿಯ ಗೇಟಿಗೆ ಓಡಿದಳು. ನನ್ನ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ನಾನು ಮನೆಯಲ್ಲೇ ಉಳಿದೆ. ಯಾವಾಗ ಮಂಡಿಯೂರಿದೆನೋ ನನಗೇ ಗೊತ್ತಿಲ್ಲ. ಜಪವೂ ಬಾಯಿಗೆ ಬರಲಿಲ್ಲ. "ಸ್ವಾಮೀ, ಜೊತೆಗಿರು, ಜೊತೆಗಿರು" ಅಂತ ಅದೊಂದನ್ನೇ ಹೇಳುತ್ತಿದ್ದೆ. ಹೆದರಿಕೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಒಬ್ಬಳೇ ಇಲ್ಲ ಅನ್ನುವುದು ಮಾತ್ರ ಖಂಡಿತವಾಗಿ ಗೊತ್ತಾಯಿತು. ಸಂಜೆ ಅಪ್ಪ ಧೂಳು ಮೆತ್ತಿಕೊಂಡು, ಸ್ವಲ್ಪ ಕುಂಟುತ್ತಾ, ಅಮ್ಮನ ಜೊತೆ ನಡೆದು ಬಂದರು. ನಾನು ಅವರ ಕಾಲು ಹಿಡಿದು ಜೋರಾಗಿ ಅತ್ತೆ.

ಮಾರನೇ ದಿನವೇ ಫಾದರ್ ಹತ್ತಿರ ಓಡಿದೆ. "ನಿನ್ನೆ ಮಂಡಿಯೂರು ಅಂತ ನನಗೆ ಯಾರೂ ಹೇಳಲಿಲ್ಲ ಫಾದರ್. ನಾನಾಗೇ ಊರಿದೆ. ನಮ್ಮ ಮಾವ ಹೇಳಿದ್ದು ಸರಿ. ಚಿಕ್ಕವಳಿದ್ದಾಗ ಯಾರೋ ಮಾಡಿಸಿದರು. ಇದು ನಾನೇ ಮಾಡೋದು. ಒಳಗೊಂದು ಹೊರಗೊಂದು ಇಟ್ಕೊಂಡು ಅಜ್ಜಿ ಮನೆಗೆ ಹೋಗೋಕೆ ನನ್ನಿಂದಾಗಲ್ಲ" ಅಂದೆ. ಫಾದರ್ ನನ್ನ ತಲೆ ಮುಟ್ಟಿ, "ಬಾಮ್ಮಾ, ಹೆಸರು ಬರೀತೀನಿ" ಅಂದರು.

ಬಂತಪ್ಪಾ ಆ ದಿನ! ಬೀದಿಗೆಲ್ಲ ಬಣ್ಣದ ಕಾಗದದ ತೋರಣ, ಬ್ಯಾಂಡು, ಪಟಾಕಿ. ಬೆಳಗಿನಿಂದ ಉಪವಾಸವಿದ್ದರೂ ನನಗೆ ಹಸಿವೆಯೇ ಇಲ್ಲ. ಚರ್ಚಿನ ಬಾಗಿಲಿಗೆ ಬಂದೆ, ನೋಡುತ್ತೇನೆ, ಮೆಟ್ಟಿಲ ಹತ್ತಿರ ಅಜ್ಜಿ! ಹಣೆ ತುಂಬ ಕುಂಕುಮ, ಕಂಕುಳಲ್ಲಿ ಬಟ್ಟೆ ಗಂಟು, ರಜದಲ್ಲಿ ನಾನು ಹೇಳಿದ್ದ ದಿನ ನೆನಪಿಟ್ಟುಕೊಂಡು ಮುಂಜಾನೆ ರೈಲಿಗೆ ಒಬ್ಬಳೇ ಬಂದುಬಿಟ್ಟಿದ್ದಾಳೆ. ಅಮ್ಮ ನಿಂತಲ್ಲೇ ನಿಂತಳು. ಅಜ್ಜಿ ಅವಳ ಮುಖ ನೋಡದೆ ಅಂದಳು, "ನಿನ್ ಮದ್ವೆ ನೋಡ್ಲಿಲ್ಲ ನಾನು. ಇದನ್ನಾದ್ರೂ ನೋಡಾನ ಅಂತ ಬಂದೆ."

ಒಳಗೆ ಮಕ್ಕಳೆಲ್ಲ ಸಾಲಾಗಿ ಮಂಡಿಯೂರಿದೆವು. ಒಬ್ಬೊಬ್ಬರ ಹಿಂದೆಯೂ ಅವರವರ ಜ್ಞಾನತಾಯಿ ಅಥವಾ ಜ್ಞಾನತಂದೆ ನಿಂತು ಭುಜದ ಮೇಲೆ ಕೈ ಇಡುವುದು ಪದ್ಧತಿ. ಅವರು ಹೆತ್ತವರಾಗಿರಬಾರದು, ಕಥೊಲಿಕರೇ ಆಗಿರಬೇಕು. ನನಗೆ ಪಕ್ಕದ ಮನೆಯ ಸೆಲಿನಮ್ಮ ನಿಲ್ಲಬೇಕಿತ್ತು. ಆಕೆಯ ಮೊಮ್ಮಗು ಕಿರುಚಿಕೊಂಡಿತೆಂದು ಎತ್ತಿಕೊಂಡು ಹೊರಗೆ ಹೋದವರು ಬರಲೇ ಇಲ್ಲ. ಬಿಷಪ್ ಹತ್ತಿರ ಹತ್ತಿರ ಬರುತ್ತಿದ್ದಾರೆ, ನನ್ನ ಹಿಂದೆ ಯಾರೂ ಇಲ್ಲ! ಅಷ್ಟರಲ್ಲಿ ದಪ್ ಎಂದು ಒಂದು ಒರಟು ಕೈ ಭುಜದ ಮೇಲೆ ಬಿತ್ತು. ಸಗಣಿ ತಟ್ಟಿ ತಟ್ಟಿ ಗಡುಸಾದ ಆ ಕೈ ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ.

ಫಾದರ್ ಗಾಬರಿಯಾಗಿ ಪಿಸುಗುಟ್ಟಿದರು, "ಅಮ್ಮಾ, ನೀವು ನಿಲ್ಲೋ ಹಾಗಿಲ್ಲ, ಈ ಕಡೆ ಬನ್ನಿ."

ಅಜ್ಜಿಗೆ ಪಿಸುಗುಟ್ಟುವುದೇ ಗೊತ್ತಿಲ್ಲ. "ಎಲ್ಲಾ ಮಕ್ಕಳ ಇಂದೇನೂ ಒಬ್ಬೊಬ್ರು ನಿಂತವ್ರೆ. ನಮ್ ಉಡ್ಗಿ ಇಂದೆ ಯಾರೂ ಇಲ್ಲ ಅಂದ್ರೆ, ನಾನೇನ್ ಸತ್ತೋಗಿದೀನಾ?"

ಇಡೀ ಚರ್ಚು ತಿರುಗಿ ನೋಡಿತು. ಅಷ್ಟು ಹೊತ್ತಿಗೆ ಸೆಲಿನಮ್ಮ ಏದುಸಿರು ಬಿಡುತ್ತಾ ಬಂದು ನನ್ನ ಬಲಭುಜದ ಮೇಲೆ ಕೈಯಿಟ್ಟರು. ಅಜ್ಜಿ ತನ್ನ ಕೈಯನ್ನು ಎಡಭುಜಕ್ಕೆ ಸರಿಸಿದಳೇ ಹೊರತು ತೆಗೆಯಲಿಲ್ಲ. ಬಿಷಪ್ ಎರಡು ಕೈಯನ್ನೂ ನೋಡಿದರು, ಕುಂಕುಮವನ್ನೂ ನೋಡಿದರು. ಫಾದರ್ ಕಡೆ ತಿರುಗಿ ಇರಲಿ ಎಂಬಂತೆ ತಲೆಯಾಡಿಸಿ, ನನ್ನ ಹಣೆಗೆ ತೈಲದಿಂದ ಶಿಲುಬೆ ಗುರುತು ಹಾಕಿದರು. ಆಮೇಲೆ ಪದ್ಧತಿಯಂತೆ ನನ್ನ ಕೆನ್ನೆಗೆ ಮೆಲ್ಲಗೆ ಒಂದು ತಟ್ಟಿದರು.

"ಏಯ್ ಸ್ವಾಮೀ!" ಅಜ್ಜಿ ಗದರಿಸಿದಳು. "ಯಾಕ್ ಒಡೀತೀಯ ನನ್ ಮೊಮ್ಮಗಳ್ನ? ಏನ್ ತಪ್ ಮಾಡವ್ಳೆ?"

ಬಿಷಪ್ಪರಿಗೆ ಕನ್ನಡ ಬರುತ್ತಿತ್ತು. ನಗು ತಡೆದುಕೊಂಡು ಹೇಳಿದರು, "ಹೊಡೀಲಿಲ್ಲ ತಾಯಿ. ನಂಬಿದ್ದಕ್ಕೆ ಮುಂದೆ ಕಷ್ಟ ಬಂದರೆ ತಡ್ಕೋಬೇಕು ಅಂತ ನೆನಪು ಮಾಡಿದ್ದು."

"ಅದು ಅವ್ಳಿಗೆ ಆಗ್ಲೇ ಬಂದೈತೆ. ತಡ್ಕೊಂಡೂ ಅವ್ಳೆ" ಅಂದಳು ಅಜ್ಜಿ.

ಬಿಷಪ್ಪರ ನಗು ನಿಂತಿತು. ಅವರು ಅಜ್ಜಿಗೆ ಕೈ ಮುಗಿದು ಮುಂದಿನ ಹುಡುಗಿಯ ಹತ್ತಿರ ಹೋದರು.

ಹೊರಗೆ ಬಂದ ಮೇಲೆ ಅಜ್ಜಿ ನನ್ನ ಕೆನ್ನೆ ಸವರಿ ನೋಡಿದಳು. ಆಮೇಲೆ ಗಂಟು ಎತ್ತಿಕೊಂಡು, "ನಡೀರಿ ಊರಿಗೆ" ಅಂದಳು. ಅಮ್ಮನ ಕಡೆ ತಿರುಗಿ, "ನೀನೂ ಬಾ" ಅಂದಳು. ಅಮ್ಮ ನನ್ನ ತಮ್ಮನನ್ನು ಅಪ್ಪನ ಹತ್ತಿರ ಬಿಟ್ಟು, ಬೇಡ ಬೇಡ ಅನ್ನುತ್ತಲೇ ರೈಲು ಹತ್ತಿದಳು. ಬಂಗಾರಪೇಟೆಯಿಂದ ಹಳ್ಳಿಯ ತನಕ ಅವಳು ತಲೆ ತುಂಬ ಸೆರಗು ಹೊದ್ದು ಅಜ್ಜಿಯ ಹಿಂದೆ ಹಿಂದೆ ನಡೆದಳು.

ಮಾವ ಜಗಲಿಯ ಮೇಲೆ ಕೂತಿದ್ದ. ನಮ್ಮನ್ನು ನೋಡಿ ಧಡಕ್ಕನೆ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು, "ನಾನೂ ಅವರ ದೇವ್ರ ಮುಂದೆ ನಿಂತ್ಕೊಂಡು ಬಂದಿದೀನಿ ಕಣ್ಲಾ. ಇವರನ್ನ ಆಚೆ ನಿಲ್ಲಿಸೋದಾದ್ರೆ ನನ್ನೂ ನಿಲ್ಲಿಸು."

ಮಾವ ಅಜ್ಜಿಯನ್ನು ನೋಡಿದ, ನನ್ನ ಬಿಳಿ ಫ್ರಾಕನ್ನು ನೋಡಿದ, ಅಮ್ಮನನ್ನು ಮಾತ್ರ ನೋಡಲಾರದೆ ಒಳಗೆ ಹೋಗಿಬಿಟ್ಟ. ಮುಗೀತು ಅಂದುಕೊಂಡೆ. ಅವನು ಒಂದು ಚೊಂಬು ನೀರು ಹಿಡಿದು ಆಚೆ ಬಂದ. ಅಮ್ಮನ ಕೈಗೆ ಕೊಟ್ಟು, ನೆಲ ನೋಡುತ್ತಾ ಅಂದ, "ಕಾಲ್ ತೊಳ್ಕೊ ಅಕ್ಕಾ."

ಆ ವರ್ಷ ದೃಢೀಕರಣ ತಗೊಂಡ ಗೆಳತಿಯರು ಇವತ್ತಿಗೂ ಬಿಷಪ್, ಬ್ಯಾಂಡು, ಪಟಾಕಿ ಅಂತ ನೆನೆಸಿಕೊಳ್ಳುತ್ತಾರೆ. ನನಗೆ ನೆನಪಾಗುವುದು ಅಮ್ಮ ಆ ಚೊಂಬು ಹಿಡಿದು ನಿಂತದ್ದು. ಮಾವನನ್ನೇ ನೋಡುತ್ತಾ ಚೊಂಬು ವಾಲಿಸಿಬಿಟ್ಟಳು, ಅರ್ಧ ನೀರು ನನ್ನ ಫ್ರಾಕಿನ ಮೇಲೇ ಚೆಲ್ಲಿತು. ನಾನು ಬಗ್ಗಿ, ಮಿಕ್ಕ ನೀರಿನಲ್ಲಿ ಅವಳ ಕಾಲು ತೊಳೆದೆ.