ಸೋಮವಾರ ಹೂಡದ ಎತ್ತು

ಕೊರೊನಾ ಕಳೆದ ಮರುವರ್ಷ ನಾನು ಗೋಕಾಕ ಭಾಗದ ಮಾನಸಿಕ ಆರೋಗ್ಯ ಶಿಬಿರಗಳಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಮಂಗಳವಾರ ಗೋಕಾಕ, ಬುಧವಾರ ಮೂಡಲಗಿ, ಶುಕ್ರವಾರ ಹುಕ್ಕೇರಿ. ಹುಟ್ಟಿ ಬೆಳೆದದ್ದು ಉಡುಪಿಯ ಪೇಟೆಯಲ್ಲಿ; ಎತ್ತನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಆದರೂ ಎಲ್ಲ ಗೊತ್ತು ಎಂಬ ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಮೂಡಲಗಿ ಶಿಬಿರಕ್ಕೆ ಕಲ್ಲೋಳಿಯ ಶಾಂತವ್ವ ತಮ್ಮ ಗಂಡ ಮಲ್ಲಪ್ಪನವರನ್ನು ಕರೆತಂದರು. ಜೊತೆಯಲ್ಲೇ ದುಡಿಯುತ್ತಿದ್ದ ಅಣ್ಣ ತೀರಿಕೊಂಡ ಮೇಲೆ, ನಾಲ್ಕು ತಿಂಗಳಿಂದ ಅವರು ಹಾಸಿಗೆ ಹಿಡಿದಿದ್ದರು. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಮೂರು ವಾರದ ನಂತರ, ಬಿಹೇವಿಯರಲ್ ಆಕ್ಟಿವೇಶನ್ ಎಂಬ ಚಿಕಿತ್ಸೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮನಸ್ಸು ಬರಲಿ ಎಂದು ಕಾಯದೆ ದಿನಕ್ಕೊಂದು ಸಣ್ಣ ಕೆಲಸ ಮಾಡಿಸಿದರೆ ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ, ಅಷ್ಟೇ ಅದರ ತಿರುಳು. ಹಾಳೆಯ ಮೇಲೆ ಏಳು ದಿನಕ್ಕೆ ಏಳು ಮನೆ ಗೆರೆ ಹಾಕಿ, ಎಲ್ಲದರಲ್ಲೂ ‘ಬೆಳಿಗ್ಗೆ ಎತ್ತು ಹೂಡಿ ಮೇವು ತರುವುದು’ ಎಂದು ದುಂಡಗೆ ಬರೆದುಕೊಟ್ಟೆ. ಮಾಡಿದ ದಿನ ಟಿಕ್ ಹಾಕಬೇಕಿತ್ತು.

ಮುಂದಿನ ಬುಧವಾರ ಅವರು ಬರಲಿಲ್ಲ. ಶಾಂತವ್ವನ ಫೋನ್ ಬಂತು.

“ಮತ್ತ ಹಾಸಿಗಿ ಹಿಡದಾರ್ರಿ ಮೇಡಂ. ಎತ್ತ ಮಾರಿಬಿಡೂಣಂತ ಹೇಳಾಕತ್ತಾರ. ಶುಕ್ರವಾರ ಮಂದಿ ನೋಡಾಕ ಬರ್ತಾರ.”

ಎತ್ತು ಹೋದರೆ ಅವರನ್ನು ಎಬ್ಬಿಸಲು ನನ್ನ ಕೈಯಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ. ಗುರುವಾರ ಬೆಳಗಿನ ಬಸ್ಸಿಗೇ ಕಲ್ಲೋಳಿಗೆ ಹೋದೆ.

ಮಲ್ಲಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಾಳೆಯಲ್ಲಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಟಿಕ್, ಸೋಮವಾರದಿಂದ ಖಾಲಿ. ಏನಾಯಿತು ಎಂದು ಕೇಳಿದೆ. ಗೋಡೆ ನೋಡುತ್ತಲೇ ಹೇಳಿದರು.

“ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗ ಇಡೂದಿಲ್ರಿ ನಾವು. ನೀವು ನೋಡಿದ್ರ ಹೂಡು ಅಂತ ಬರದೀರಿ. ಹೂಡಿದ್ರ ದೇವ್ರಿಗೆ ತಪ್ಪು, ಬಿಟ್ರ ನಿಮಗ ತಪ್ಪು. ನನ್ನ ಕೈಲೆ ಒಂದೂ ನೆಟ್ಟಗ ಆಗೂದಿಲ್ಲ ಅನ್ನೂದು ಖರೆ ಆತಲ್ರಿ.”

ನಾಚಿಕೆಯಿಂದ ಕುಗ್ಗಿಹೋದೆ. ಎತ್ತಿಗೆ ಸೋಮವಾರ ಬಿಡುವು ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಚಿಕಿತ್ಸೆ ಕೊಡಲು ಬಂದ ನನಗೊಬ್ಬಳಿಗೆ.

“ತಪ್ಪು ನನ್ನದು, ನಿಮ್ಮದಲ್ಲ,” ಎಂದೆ. “ಹಾಗಾದರೆ ಸೋಮವಾರ ಏನು ಮಾಡಿದಿರಿ?”

“ಏನ ಮಾಡೂದ್ರಿ? ಎತ್ತ ಹಳ್ಳಕ್ಕ ಹೊಡಕೊಂಡ ಹೋಗಿ, ಮೈ ತೊಳದು ತಂದ್ನಿ.”

ಹೋದ ಜೀವ ಬಂದಂತಾಯಿತು. ಯಾರೂ ಬರೆದುಕೊಡದ ಕೆಲಸವನ್ನು ಆ ಮನುಷ್ಯ ತಾನಾಗಿ ಎದ್ದು ಮಾಡಿದ್ದರು! ಹಾಗೆಂದು ಅವರಿಗೇ ಹೇಳಿದೆ. ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು. ಹೊಸ ಹಾಳೆ, ಪೆನ್ನು ಅವರ ಕೈಗೇ ಕೊಟ್ಟೆ. ಯಾವ ದಿನ ಏನು ಎಂಬುದನ್ನು ಅವರೇ ಬರೆದರು. ಸೋಮವಾರದ ಮನೆಯಲ್ಲಿ ಎತ್ತಿನ ಜಳಕ.

ಶುಕ್ರವಾರ ಹುಕ್ಕೇರಿಯಲ್ಲಿದ್ದಾಗ ಶಾಂತವ್ವ ಫೋನ್ ಮಾಡಿದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಮೊದಲು ತಿಳಿಯಲಿಲ್ಲ.

“ಮಂದಿ ಬಂದಿದ್ರು ಮೇಡಂ. ಇವರ ಎದ್ದ ಹೋಗಿ, ‘ಎತ್ತ ಕೊಡೂದಿಲ್ರಿ, ನಾಳೆ ನನಗ ಕೆಲಸ ಐತಿ’ ಅಂದ್ರು!”

ಮಾತ್ರೆ, ಭೇಟಿ ಎಲ್ಲ ಇನ್ನೂ ಹಲವು ತಿಂಗಳು ನಡೆದವು. ಆದರೆ ನಾನು ಮಾತ್ರ ಅಂದಿನಿಂದ ಯಾರ ವಾರವನ್ನೂ ನನ್ನ ಕೈಯಾರೆ ಬರೆದಿಲ್ಲ. ಪೆನ್ನು ಅವರಿಗೆ ಕೊಟ್ಟು ಸುಮ್ಮನೆ ಕೂರುತ್ತೇನೆ.