ಗಲ್ಲಕ್ಕೆ ತುಂಬಿದ ಕೊಬ್ಬು

ನನ್ನ ಎಡಗಲ್ಲದಲ್ಲಿ ಒಂದು ಕುಳಿ ಇತ್ತು. ಹನ್ನೆರಡನೇ ವಯಸ್ಸಿನಲ್ಲಿ ಹಲ್ಲಿನ ಬುಡದಲ್ಲಿ ಕೀವಾಗಿ, ಬಾವು ಒಡೆದು ಆದ ಕುಳಿ. ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದಲ್ಲಿದ್ದ ಕಾಲ. ರಬಕವಿಯ ನಮ್ಮ ನೇಕಾರರ ಓಣಿಯಲ್ಲಿ ಹದಿನೆಂಟಾದರೂ ಮದುವೆಯಾಗದವಳು ನಾನೊಬ್ಬಳೇ. ನೋಡಲು ಬಂದವರು ನನ್ನ ಬಲಕ್ಕೆ ಕೂತರೆ ಹೂಂ ಎನ್ನುವರು, ಎಡಕ್ಕೆ ಕೂತರೆ ಎದ್ದು ಹೋಗುವರು.

ಕೊನೆಗೆ ಅವ್ವ ಹಟ ಹಿಡಿದು ಕುಡಚಿಯಲ್ಲಿ ರೈಲು ಹತ್ತಿಸಿ ಮಿರಜಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ನನ್ನ ಹೊಟ್ಟೆಯಿಂದ ಒಂದು ತುಣುಕು ಕೊಬ್ಬು ತೆಗೆದು, ಗಾಯ ಎದ್ದು ಕಾಣದಂತೆ ಕಿವಿಯ ಮುಂದೆ ಕೊಯ್ದು, ಕುಳಿಯೊಳಗೆ ಕೂರಿಸಿದರು. ಅರ್ಧದಷ್ಟು ಕರಗಿಹೋಗುತ್ತದೆಂದು ಬೇಕಾದ್ದಕ್ಕಿಂತ ಹೆಚ್ಚೇ ತುಂಬಿದ್ದರು. "ಮೂರು ತಿಂಗಳು ಯಾರೂ ಗಲ್ಲ ಒತ್ತಬಾರದ್ರೀ. ಒತ್ತಿದರ ಮತ್ತ ಕುಳಿನ ಬೀಳತೈತಿ," ಎಂದರು.

ಸರಿ, ಬಾಯಲ್ಲಿ ಒಂದು ಕಡೆ ಲಾಡು ಇಟ್ಟುಕೊಂಡವಳಂತೆ ಊರಿಗೆ ಬಂದೆ. ನಮ್ಮ ಕಡೆಯ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಹುಡುಗಿಯನ್ನು ಕಂಡರೆ ಎರಡೂ ಗಲ್ಲ ಸವರಿ, ತಮ್ಮ ತಲೆಗೆ ಬೆರಳೊತ್ತಿ ಲಟಿಕೆ ಮುರಿದು ದೃಷ್ಟಿ ತೆಗೆಯಲೇಬೇಕು. ಅವ್ವ ಪ್ರತಿಯೊಬ್ಬರಿಗೂ ಅಡ್ಡ ನಿಲ್ಲುತ್ತಿದ್ದಳು: "ದೂರದಿಂದ ಮಾಡ್ರೆವ್ವಾ, ಕೈ ಹಚ್ಚಬ್ಯಾಡ್ರಿ!" ನಾನೋ, ನಿದ್ದೆಯಲ್ಲಿ ಎಡಕ್ಕೆ ಹೊರಳಿದೆನೋ, ಕರಗಿಯೇಹೋಯಿತೋ ಎಂದು ಗಳಿಗೆಗೊಮ್ಮೆ ಕನ್ನಡಿ ನೋಡುತ್ತಿದ್ದೆ.

ಎರಡನೇ ತಿಂಗಳಿಗೇ, ಗಲ್ಲ ಇನ್ನೊಂದರ ಸಮಕ್ಕೆ ಇಳಿಯುತ್ತಿದ್ದಂತೆ, ಜಮಖಂಡಿಯಿಂದ ಗಂಡಿನವರು ಬಂದುಬಿಟ್ಟರು. ಹುಡುಗ ಕೋರ್ಟಿನಲ್ಲಿ ಕಾರಕೂನ. ಈಗ ಬೇಡ ಎನ್ನಲು ಅವ್ವನಿಗೆ ಧೈರ್ಯ ಸಾಲಲಿಲ್ಲ. ನಾನು ಚಹಾ ಕೊಟ್ಟು ನಮಸ್ಕರಿಸಿದೆ. ಹುಡುಗನ ತಾಯಿ ನನ್ನ ಮುಖವನ್ನು ಎರಡೂ ಕಡೆಯಿಂದ ನೋಡಿ, "ಛಲೋ ಅದಾಳ ಹುಡುಗಿ, ಮಾರಿ ತುಂಬೇತಿ," ಎನ್ನುತ್ತ ಎರಡೂ ಕೈ ಚಾಚಿದರು. ನಾನು ಅವ್ವನ ಕಡೆ ನೋಡಿದೆ. ಅವ್ವ ಅಡ್ಡ ಬರಲಿಲ್ಲ, ನೆಲ ನೋಡುತ್ತ ನಿಂತುಬಿಟ್ಟಳು.

"ಮುಟ್ಟಬ್ಯಾಡ್ರಿ!" ಎಂದು ಚೀರಿ ಹಿಂದೆ ಸರಿದೆ.

ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ಓಣಿ ದಾಟಿದ ಮೇಲೆ ಅವ್ವ ಬಾಗಿಲು ಹಾಕಿ ನನ್ನ ಮೇಲೆ ಹರಿಹಾಯ್ದಳು. "ಸುಮ್ಮನ ನಿಂದ್ರಾಕ ಏನಾಗಿತ್ತಬೇ ನಿನಗ? ಗಲ್ಲ ಹೋದ್ರ ಹೋಗ್ತಿತ್ತು. ಅದನ್ನ ತುಂಬಿಸಿದ್ದ ಇವರ ಸಲುವಾಗಿ ಅಲ್ಲೇನು?"

ಅಲ್ಲಿಯವರೆಗೂ ನಾನು, ಹುಚ್ಚಿ, ಆ ಗಲ್ಲ ನನಗಾಗಿ ಎಂದೇ ತಿಳಿದಿದ್ದೆ.