ಅಲೆ ನೋಡಿ ಬೈಯುತ್ತಿದ್ದ ಹೈದರ್ ಸಾಬ್ರು

ಹೈದರ್ ಸಾಬ್ರು ಯಾರನ್ನೂ ಮುಖ ನೋಡಿ ಬೈದವರಲ್ಲ. ನೀರು ನೋಡಿ ಬೈಯುತ್ತಿದ್ದರು. ಬಟವಾಡಿಯ ಒಂದು ಫಿಸಿಯೋಥೆರಪಿ ಸೆಂಟರಿನ ಹಿತ್ತಲಲ್ಲಿ, ಶೀಟು ಹೊದಿಸಿದ ಎದೆಮಟ್ಟದ ಕೊಳವಿತ್ತು. ಅದರ ಕಟ್ಟೆ ಮೇಲೆ ಪ್ಯಾಂಟು ಮಡಚಿಕೊಂಡು ಕುಕ್ಕರಗಾಲಲ್ಲಿ ಕೂತು, ರೋಗಿಗಳಾದ ನಾವು ನೀರಲ್ಲಿ ನಡೆದಾಗ ಏಳುವ ಅಲೆ ಎರಡು ಬದಿಯ ಗೋಡೆಗೂ ಹೇಗೆ ಬಡಿಯುತ್ತದೆಂದು ನೋಡುತ್ತಿದ್ದರು. ಕುಂಟಿದರೆ ಒಂದು ಬದಿಯ ಅಲೆ ಸೋಲುತ್ತದಂತೆ. "ಎಡ" ಎನ್ನುತ್ತಿದ್ದರು. ಅಷ್ಟೇ. ಆ ಎರಡಕ್ಷರದಲ್ಲಿ ನನ್ನ ಇಡೀ ವಂಶಕ್ಕೆ ಸಾಲುವಷ್ಟು ತಿರಸ್ಕಾರ ಇರುತ್ತಿತ್ತು.

ಈಗ ಆ ಕೊಳ ಇಲ್ಲ. ಮಣ್ಣು ತುಂಬಿ, ಟೈಲ್ಸ್ ಹಾಕಿ, ಮೇಲೆ ಟ್ರೆಡ್‌ಮಿಲ್ ನಿಲ್ಲಿಸಿದ್ದಾರೆ. ಆ ದಾರಿಯಲ್ಲಿ ಹೋದಾಗೆಲ್ಲ ಮೈ ಉರಿಯುತ್ತದೆ. ಉರಿ ಯಾರ ಮೇಲೆ ಎಂಬುದನ್ನೂ ಹೇಳುತ್ತೇನೆ, ಹೇಳದೆ ವಿಧಿಯಿಲ್ಲ.

ನಾನು ವಿಮೆ ಏಜೆಂಟ್. ಊರಿಗೆಲ್ಲ ಭಯ ಮಾರಿ, ಉಳಿದದ್ದನ್ನು ಮನೆಗೆ ತಂದು ನಾನೇ ಉಣ್ಣುವವನು. ನಿಟ್ಟೂರಿನಿಂದ ಬರುವಾಗ, ತಿರುವಿನಲ್ಲಿ ಲಾರಿ ಬಂದೀತೆಂದು ಹೆದರಿ, ಬಾರದ ಲಾರಿಗೆ ದಾರಿ ಬಿಡಲು ಹೋಗಿ ಸ್ಕೂಟರ್ ಸಮೇತ ಚರಂಡಿಗೆ ಬಿದ್ದೆ. ಎಡಮಂಡಿಯ ಚಿಪ್ಪು ಒಡೆಯಿತು. ಆಪರೇಷನ್ ಆಯಿತು, ಗಾಯ ಒಣಗಿತು, ಕಾಲು ಮಾತ್ರ ಮಡಚಲಿಲ್ಲ. ನೆಲದ ಮೇಲೆ ಭಾರ ಬಿಟ್ಟರೆ ಜೀವ ಬಾಯಿಗೆ ಬರುತ್ತಿತ್ತು. "ನೀರಲ್ಲಿ ನಡೀರಿ. ಅಲ್ಲಿ ಮೈಭಾರ ಬಹುಪಾಲು ನೀರೇ ಹೊರುತ್ತೆ" ಎಂದು ಮೂಳೆ ಡಾಕ್ಟರು ಅಲ್ಲಿಗೆ ಕಳಿಸಿದರು.

ಮೊದಲ ದಿನ ನೀರಿಗಿಳಿದವನೇ ಗೋಡೆಯ ಕಂಬಿ ಹಿಡಿದು ಪ್ರಶ್ನೆ ಶುರು ಮಾಡಿದೆ. ಕಾಲು ಜಾರಿದರೆ? ಮಂಡಿಯೊಳಗೆ ಬಿಗಿದ ತಂತಿ ಸಡಿಲವಾದರೆ? ನೆಗಡಿ ಎದೆಗಿಳಿದರೆ?

"ಕುಣಿಗಲ್‌ನಾಗೆ ಇಪ್ಪತ್ತು ವರ್ಸ ಕುದ್ರೆ ನೋಡ್ಕಂಡಿದೀನಿ," ಎಂದರು ಸಾಬ್ರು ನೀರಿಗೆ. "ಕಾಲು ಉಳುಕಿದ್ ಕುದ್ರೇನ ಕೆರೆಗಿಳ್ಸಿ ನಡೆಸ್ತಿದ್ವಿ. ಒಂದ್ ಕುದ್ರೆನೂ ಇಷ್ಟ್ ಪ್ರಶ್ನೆ ಕೇಳಿಲ್ಲ ಸ್ವಾಮಿ."

"ಕುದುರೆಗೆ ಹೆಂಡ್ತಿ ಮಕ್ಕಳು ಇರಲ್ಲ ಸಾಬ್ರೇ."

"ಇರ್ತವೆ. ಯೋಚ್ನೆ ಮಾಡಲ್ಲ, ಅಷ್ಟೆ. ಕಂಬಿ ಬುಡಿ."

ಬಿಟ್ಟೆ. ಬೆಚ್ಚನೆಯ ನೀರು ಮಂಡಿಯ ಸುತ್ತ ಒತ್ತಿ ಹಿಡಿಯಿತು. ಬಿಗಿದಿದ್ದ ತೊಡೆ ಸಡಿಲವಾಯಿತು. ತಿಂಗಳುಗಳಿಂದ ಬೇರೆ ಯಾರದೋ ಆಗಿದ್ದ ಕಾಲು ನನ್ನದೇ ಅನ್ನಿಸಿತು. "ಎತ್ತೋದೂ ನೀರೇ, ತಡೆಯೋದೂ ನೀರೇ," ಎನ್ನುತ್ತಿದ್ದರು ಸಾಬ್ರು. "ನೀವು ನಡೆಯೋದೊಂದು ಮಾಡಿ."

ನನ್ನ ಹೊತ್ತಿಗೇ ಹಾಗಲವಾಡಿಯ ಪುಟ್ಟತಾಯಮ್ಮ ಬರುತ್ತಿದ್ದರು. ಸೊಂಟದ ಕೀಲು ಮುರಿದು ಆಪರೇಷನ್ ಆಗಿತ್ತು. ಸೊಸೆಯ ಭುಜ ಹಿಡಿದು ಎರಡು ಬಸ್ಸು ಹತ್ತಿ ಬಂದು, ನೈಟಿ ಮೇಲೆ ಟವೆಲ್ ಹೊದ್ದು ನೀರಿಗಿಳಿಯುತ್ತಿದ್ದರು. ಮೊದಮೊದಲು ನಾಚಿಕೆಯಿಂದ ಮುದುಡಿದ್ದರು. ಸಾಬ್ರ ಕಣ್ಣು ಅಲೆ ಬಿಟ್ಟು ಕದಲುವುದಿಲ್ಲ ಎಂದು ಗೊತ್ತಾದ ಮೇಲೆ ನಾಚಿಕೆ ಹೋಯಿತು. ಭಯ ಹೋಗಲಿಲ್ಲ. ವಾರಗಟ್ಟಲೆ ಎರಡೂ ಕೈಯಲ್ಲಿ ಕಂಬಿ.

"ಅಮ್ಮಾ, ಆ ಕಂಬಿ ನಿಮ್ಗೆ ಮದ್ವೇಲಿ ಕೊಟ್ಟಿದ್ದಾ?"

"ನೀನ್ ಹಿಂಗ್ ಬೈದ್ರೆ ನಾಳೆಯಿಂದ ಬರಾಕಿಲ್ಲ ಕಣಪ್ಪ."

"ಬರ್ದಿದ್ರೆ ಹಾಗಲವಾಡಿಗೇ ಬಂದು ಬೈತೀನಿ."

ಒಂದು ಗುರುವಾರ ಆಕೆ ಒಂದು ಕೈ ಬಿಟ್ಟು ಮೂರು ಹೆಜ್ಜೆ ಇಟ್ಟರು. ಸಾಬ್ರು ಅಲೆ ನೋಡಿ ತಲೆಯಾಡಿಸಿದರು. "ಸೋಮವಾರ ಇನ್ನೊಂದ್ ಕೈ," ಎಂದರು. ಆಕೆ ನಕ್ಕರು.

ಅದೇ ಗುರುವಾರ ಕೊಳದ ನೀರಿನ ಮೇಲೊಂದು ಬಿಳಿ ಪೊರೆ ತೇಲುವುದು ಕಂಡೆ. ಮೊಬೈಲಿನಲ್ಲಿ ಹುಡುಕಿದೆ. ಇರುವ ಚರ್ಮರೋಗಗಳೆಲ್ಲ ಆ ಪೊರೆಯಲ್ಲೇ ಕಂಡವು. ರಿಸೆಪ್ಷನ್ನಿನ ಸಲಹಾ ಪುಸ್ತಕ ತೆಗೆದುಕೊಂಡು, ವಿಮೆಯವನ ಭಾಷೆಯಲ್ಲಿ, ಎರಡು ಪುಟ ಬರೆದೆ. ರೋಗಿಗಳ ಸುರಕ್ಷತೆಯೇ ಮುಖ್ಯ. ನೀರು ಅನಾರೋಗ್ಯಕರ. ತರಬೇತಿಯಿಲ್ಲದ ಸಿಬ್ಬಂದಿ ರೋಗಿಗಳನ್ನು ಕುದುರೆಗೆ ಹೋಲಿಸುತ್ತಾರೆ. ಕೆಳಗೆ ಸಹಿ, ಫೋನ್ ನಂಬರು. ಬೋರ್‌ವೆಲ್ ನೀರಿನ ಉಪ್ಪಿನಿಂದ ನಮ್ಮ ಬಚ್ಚಲ ಬಕೆಟ್ಟಿಗೂ ಅದೇ ಪೊರೆ ಕಟ್ಟಿದೆ ಎಂದು ಹೆಂಡತಿ ತೋರಿಸಿದ್ದು ಭಾನುವಾರ.

ಸೋಮವಾರ ಹೋದರೆ ಕೊಳಕ್ಕೆ ಬೀಗ. "ರೋಗಿಗಳ ದೂರಿನ ಮೇರೆಗೆ ನೀರಿನ ಚಿಕಿತ್ಸೆ ನಿಲ್ಲಿಸಲಾಗಿದೆ" ಎಂಬ ಬೋರ್ಡು. ದೂರು ಕೊಟ್ಟವನು ನಾನೊಬ್ಬನೇ. ಸಾಬ್ರನ್ನು ಶನಿವಾರವೇ ಕೆಲಸದಿಂದ ತೆಗೆದು ಕಳಿಸಿದ್ದರು. ಸೆಂಟರಿನ ಮಾಲೀಕನ ಮುಂದೆ ನಿಂತು ಕೂಗಾಡಿದೆ.

"ನೀರು ಬದಲಾಯ್ಸಿ ಅಂದ್ರೆ ಬಾಗಿಲೇ ಹಾಕ್ತೀರೇನ್ರಿ?"

ಆತ ನಗುನಗುತ್ತಲೇ ನನ್ನ ಪುಟ ತೆರೆದು ತೋರಿಸಿದ. "ಸರ್, ನೀವೇ ಬರ್ದಿದೀರಲ್ಲ. ಸುರಕ್ಷತೆಯೇ ಮುಖ್ಯ."

ನೀರು ಕಾಯಿಸುವ, ಬದಲಿಸುವ ರಗಳೆಯಿಂದ ತಪ್ಪಿಸಿಕೊಳ್ಳಲು ಆತ ಎಷ್ಟು ದಿನದಿಂದ ಒಂದು ನೆಪ ಕಾಯುತ್ತಿದ್ದನೋ. ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ನನ್ನ ಮಂಡಿ ಅಷ್ಟರಲ್ಲಿ ಮುಕ್ಕಾಲು ವಾಸಿಯಾಗಿತ್ತು ಎಂಬುದು ಇನ್ನೂ ಹೊಟ್ಟೆ ಉರಿಸುತ್ತದೆ.

ಸಾಬ್ರನ್ನು ಕೊನೆಯ ಸಲ ನೋಡಿದ್ದು ಕುಣಿಗಲ್ ಕೆರೆ ಏರಿಯ ಮೇಲೆ, ಎರಡು ತಿಂಗಳ ನಂತರ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಉರು ಹೊಡೆದು ಹೋಗಿದ್ದೆ.

"ಬರೆದದ್ದು ನಾನೇ ಸಾಬ್ರೇ."

"ಗೊತ್ತು. ಓದಿ ಹೇಳಿದ್ರು. ಕುದ್ರೆ ವಿಷ್ಯನೂ ಇತ್ತು." ಕಣ್ಣು ಕೆರೆಯ ಮೇಲೇ ಇತ್ತು. "ಆ ಹಾಗಲವಾಡಿ ಅಮ್ಮ ಇನ್ನೊಂದ್ ಕೈ ಬುಟ್ರಾ?"

ನನಗೆ ಗೊತ್ತಿರಲಿಲ್ಲ. ಬಾರದ ಲಾರಿಗೆ ಹೆದರಿದವನು, ಬಕೆಟ್ಟಿನ ಉಪ್ಪಿಗೆ ಹೆದರಿದವನು, ಆ ಹೆಂಗಸಿನ ಬಗ್ಗೆ ಒಂದು ದಿನವೂ ಚಿಂತಿಸಿರಲಿಲ್ಲ.

"ಗೊತ್ತಿಲ್ವಾ?" ಈಗ ಸಾಬ್ರು ತಿರುಗಿ ನನ್ನ ಮುಖ ನೋಡಿದರು. ಅಲೆಯನ್ನೇ ಬೈಯುತ್ತಿದ್ದಾಗ ಎಷ್ಟೋ ವಾಸಿ ಇತ್ತು. "ಸ್ಕೂಟರ್ ಐತೆ. ಮಂಡಿ ಮಡಚ್ತದೆ. ನನ್ನತ್ರ ಯಾಕ್ ಬಂದ್ರಿ? ನನ್ಗೇನಾಗೈತೆ? ಮೊದ್ಲು ಅಲ್ಲಿಗ್ ಹೋಗಿ."

ಸ್ಕೂಟರಿನ ಕಡೆ ನಡೆದೆ. ಏರಿಯ ಮೇಲೆ ನೀರಿಲ್ಲ, ಅಲೆಯಿಲ್ಲ, ಬರೀ ಮಣ್ಣು. ಆದರೂ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಬೆನ್ನಿಗೆ ಬಂತು:

"ಎಡ."

ಕಾಲನ್ನು ಎತ್ತಿ ಸರಿಯಾಗಿ ಇಟ್ಟೆ. ಸ್ಕೂಟರನ್ನು ಹಾಗಲವಾಡಿ ಕಡೆಯ ಗುಬ್ಬಿ ರಸ್ತೆಗೆ ತಿರುಗಿಸಿದೆ.